ವರದಿಯಲ್ಲಿ ಏನೂ ಇಲ್ಲ, ಆದರೆ ನೋವಿದೆ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ಕುಟುಂಬಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಮ್ಮ ಬಹುತೇಕ ಮನೆಗಳ ಕಪಾಟಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ಎಕ್ಸ್‌ರೇಗಳು, ರಕ್ತ ಪರೀಕ್ಷೆಯ ಚೀಟಿಗಳು, ಸ್ಕ್ಯಾನಿಂಗ್ ವರದಿಗಳು, ನಾಲ್ಕೈದು ವೈದ್ಯರು ಬರೆದುಕೊಟ್ಟ ಔಷಧದ ಚೀಟಿಗಳು ಇರುತ್ತವೆ. ಹೆಚ್ಚಾಗಿ ಆ ಚೀಲ ಮನೆಯ ತಾಯಿಯದ್ದು. ಬೆನ್ನು ನೋವು, ಸೊಂಟ ನೋವು, ಕುತ್ತಿಗೆ ನೋವು, ತಲೆನೋವು, ಕೊನೆಗೆ ಮೈಯೆಲ್ಲಾ ನೋವು. ಕುಂದಾಪುರದಲ್ಲಿ ತೋರಿಸಿ ಆಯಿತು, ಉಡುಪಿಯಲ್ಲಿ ತೋರಿಸಿ ಆಯಿತು, ಮಂಗಳೂರಿಗೂ ಹೋಗಿ ಬಂದಾಯಿತು. ಎಲ್ಲ ವರದಿಗಳೂ ಹೇಳುವುದು ಒಂದೇ ಮಾತು: ಏನೂ ಇಲ್ಲ.

ನಮ್ಮ ಕುಟುಂಬದಲ್ಲೂ ಅಂತಹ ಒಂದು ಚೀಲವಿತ್ತು. ನಮ್ಮ ಚಿಕ್ಕಮ್ಮ ಏಳು ವರ್ಷ ಅದನ್ನು ಹಿಡಿದುಕೊಂಡು ಆಸ್ಪತ್ರೆಗಳನ್ನು ಸುತ್ತಿದರು. ಸ್ಕ್ಯಾನಿಂಗ್ ವರದಿ ಬಂದ ದಿನ ಅದನ್ನು ಓದಿ ಹೇಳಿದವರು ನಾವೇ. "ಚಿಕ್ಕಮ್ಮಾ, ಸಂತೋಷಪಡಿ. ಏನೂ ಇಲ್ಲವಂತೆ" ಎಂದೆವು. ಅವರು ಸಂತೋಷಪಡಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. "ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಇಂದು ನಿಮ್ಮ ಮುಂದೆ ಆ ಉತ್ತರವನ್ನೇ ಹೇಳಲು ನಿಂತಿದ್ದೇವೆ. ನಾವು ವೈದ್ಯರಲ್ಲ. ವೈದ್ಯರು ಸಂಶೋಧನೆ ನಡೆಸಿ ಕಂಡುಕೊಂಡದ್ದನ್ನು ಓದಿ, ನಮ್ಮ ಮನೆಗಳ ಪರಿಸ್ಥಿತಿಯೊಂದಿಗೆ ಹೋಲಿಸಿ ನೋಡಿದವರು, ಅಷ್ಟೆ.

ಮೊದಲನೆಯದಾಗಿ, ನೋವು ಎಂದರೇನು? ಬೆರಳಿಗೆ ಕತ್ತಿ ತಾಗಿದರೆ ನೋಯುತ್ತದೆ, ಗಾಯ ಮಾಗಿದರೆ ನೋವು ಹೋಗುತ್ತದೆ. ಇದು ದೇಹ ನಮಗೆ ಕೊಡುವ ಎಚ್ಚರಿಕೆ. ಆದರೆ ಮೂರು ತಿಂಗಳು ಕಳೆದರೂ ಹೋಗದ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲೀನ ನೋವು ಎಂದು ಬೇರೆಯಾಗಿಯೇ ಗುರುತಿಸುತ್ತದೆ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸಿದ್ಧಾಂತವನ್ನು ಮುಂದಿಟ್ಟರು. ಅದರ ಪ್ರಕಾರ ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿನಂತಹ ವ್ಯವಸ್ಥೆಯಿದೆ. ಮೆದುಳು ಆ ಬಾಗಿಲನ್ನು ಹೆಚ್ಚು ತೆರೆಯಲೂಬಹುದು, ಮುಚ್ಚಲೂಬಹುದು. ಅವರ ಸಿದ್ಧಾಂತದ ಕೆಲವು ವಿವರಗಳನ್ನು ಆಮೇಲಿನ ವಿಜ್ಞಾನಿಗಳು ತಿದ್ದಿದ್ದಾರೆ. ಆದರೆ ಮೂಲ ಮಾತು ಉಳಿದಿದೆ. ಭಯ, ಚಿಂತೆ, ನಿದ್ರಾಹೀನತೆಗಳು ಆ ಬಾಗಿಲನ್ನು ತೆರೆದಿಡುತ್ತವೆ. ಗಾಯ ಮಾಗಿದ ಮೇಲೂ, ಗಾಯವೇ ಇಲ್ಲದಿದ್ದರೂ, ನರಮಂಡಲವು ನೋವಿನ ಗಂಟೆಯನ್ನು ಬಾರಿಸುತ್ತಲೇ ಇರಬಲ್ಲುದು. ಆ ಗಂಟೆ ಸ್ಕ್ಯಾನಿಂಗ್‌ನಲ್ಲಿ ಕಾಣಿಸುವುದಿಲ್ಲ. ಆದರೆ ಕೇಳಿಸಿಕೊಳ್ಳುವವಳಿಗೆ ಅದು ಸುಳ್ಳಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗಪಟ್ಟಿಯಲ್ಲಿ ದೀರ್ಘಕಾಲೀನ ನೋವಿಗೆ ತನ್ನದೇ ಆದ ಸ್ಥಾನ ಸಿಕ್ಕಿದೆ. ನಮ್ಮ ಚಿಕ್ಕಮ್ಮನ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇದು: ನೀವು ಸುಳ್ಳು ಹೇಳುತ್ತಿಲ್ಲ.

ಎರಡನೆಯ ಭಾಗ ಸ್ವಲ್ಪ ಕಷ್ಟದ್ದು. ದೀರ್ಘಕಾಲೀನ ನೋವಿರುವವರಲ್ಲಿ ಖಿನ್ನತೆ ಸಾಮಾನ್ಯ. ಖಿನ್ನತೆ ಇರುವವರಲ್ಲಿ ನೋವು ಸಾಮಾನ್ಯ. ಯಾವುದು ಮೊದಲು, ಯಾವುದು ನಂತರ ಎಂದು ಬೇರ್ಪಡಿಸುವುದು ಹಲವು ಬಾರಿ ವೈದ್ಯರಿಗೂ ಸಾಧ್ಯವಾಗುವುದಿಲ್ಲ. ಮೆದುಳಿನಲ್ಲಿ ದುಃಖದ ದಾರಿಯೂ ನೋವಿನ ದಾರಿಯೂ ಅನೇಕ ಕಡೆ ಒಂದೇ ಆಗಿವೆ. ಆದ್ದರಿಂದಲೇ ಖಿನ್ನತೆಗೆಂದು ಕಂಡುಹಿಡಿದ ಅಮಿಟ್ರಿಪ್ಟಿಲಿನ್‌ನಂತಹ ಔಷಧಗಳನ್ನು ವೈದ್ಯರು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ಆದರೆ ನಾವೇನು ಮಾಡುತ್ತೇವೆ? ಔಷಧದ ಅಂಗಡಿಯವರು ಅದು 'ಮಂಡೆಯ ಮದ್ದು' ಎಂದು ಹೇಳಿದ ಕೂಡಲೇ ಅದನ್ನು ಕಸದ ಬುಟ್ಟಿಗೆ ಹಾಕುತ್ತೇವೆ. ನೋವು ನಿವಾರಕ ಗುಳಿಗೆಗಳನ್ನು ಮಾತ್ರ ವರ್ಷಗಟ್ಟಲೆ ನುಂಗುತ್ತೇವೆ. ಅವು ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರಬಹುದು ಎಂಬುದನ್ನು ಮರೆಯುತ್ತೇವೆ.

ಇದೆಲ್ಲ ಯಾವುದೋ ದೂರದ ದೇಶದ ವಿಷಯ ಎಂದು ಭಾವಿಸಬೇಡಿ. ನಮ್ಮದೇ ಹೆದ್ದಾರಿಯ ಪಕ್ಕದ ಊರೊಂದು ಮಾನಸಿಕ ಆರೋಗ್ಯದ ಸಂಶೋಧನೆಯಲ್ಲಿ ಜಗತ್ತಿನಾದ್ಯಂತ ಹೆಸರಾಗಿದೆ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ, ಶಿವರಾಮ ಕಾರಂತರ ಹುಟ್ಟೂರಾದ ಕೋಟ ಅದು. 1970ರ ದಶಕದ ಆರಂಭದಲ್ಲಿ ಎಡಿನ್‌ಬರೋದ ಮನೋವೈದ್ಯ ಪ್ರೊ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಡಾ. ಆರ್.ಎಲ್. ಕಪೂರ್ ಅವರು ಕೋಟದಲ್ಲಿ ಮನೆಮನೆಯ ಅಧ್ಯಯನ ನಡೆಸಿದರು. ಅದರ ಫಲವಾಗಿ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಗ್ರಂಥ ಪ್ರಕಟವಾಯಿತು. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡದೆ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಜನರ ಮನಸ್ಸಿನ ಸಂಕಟವನ್ನು ಅವರ ಭಾಷೆಯಲ್ಲೇ ಕೇಳಿ ದಾಖಲಿಸಬೇಕು ಎಂಬುದು ಆ ವಿದ್ವಾಂಸರ ನಿಲುವಾಗಿತ್ತು. ಅದಕ್ಕಾಗಿ ಭಾರತೀಯರಿಗೆ ಹೊಂದುವ ಪ್ರಶ್ನಾವಳಿಯೊಂದನ್ನೂ ಅವರು ರೂಪಿಸಿದರು.

ಅವರು ಕಂಡ ಒಂದು ಸಂಗತಿ ಇಂದಿಗೂ ನಮ್ಮ ಕಣ್ಣ ಮುಂದಿದೆ. ಊರಿನಲ್ಲಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ದೈವ ಮೈಮೇಲೆ ಬರುವ ಪಾತ್ರಿಗಳಿದ್ದರು. ಹೊಸ ಪದ್ಧತಿಯ ಡಾಕ್ಟರರೂ ಇದ್ದರು. ಜನರು ಒಂದೇ ಕಾಯಿಲೆಗೆ ಇವರೆಲ್ಲರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ಯಾವ ವಿರೋಧಾಭಾಸವೂ ಕಾಣುತ್ತಿರಲಿಲ್ಲ. ಸಹೋದರರೇ, ನಗಬೇಡಿ. ಇಂಜೆಕ್ಷನ್ ಹಾಕಿಸಿಕೊಂಡು ಬರುವ ದಾರಿಯಲ್ಲೇ ತಾಯಿತ ಕಟ್ಟಿಸಿಕೊಂಡು ಬರುವ ನಾವು ಅವರಿಗಿಂತ ಬೇರೆಯೇ? ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಆ ಅಧ್ಯಯನಕ್ಕೆ ಆರಿಸಿಕೊಂಡದ್ದು ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳನ್ನು. ಮುಸ್ಲಿಮರ ಮನೆಗಳು ಆ ಮೂರರಲ್ಲಿರಲಿಲ್ಲ. ನಮ್ಮ ಸಂಕಟದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ನಾವೂ ಬರೆಸಲು ಮುಂದೆ ಹೋಗಲಿಲ್ಲ.

ಕೋಟದ ಗ್ರಂಥ ಬಂದು ಇಪ್ಪತ್ತು ವರ್ಷಗಳ ಬಳಿಕ, 1996ರಲ್ಲಿ, ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಅವರ ಸಂಗಡಿಗರು ಇನ್ನೊಂದು ಅಧ್ಯಯನವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ ಚಿಕಿತ್ಸೆಗೆ ಬಂದ 80 ಮಂದಿಯೊಂದಿಗೆ ಅವರು ದೀರ್ಘವಾಗಿ ಮಾತನಾಡಿದ್ದರು. ತನ್ನ ಕಾಯಿಲೆಯನ್ನು ದುಃಖ, ನಿರಾಸೆ, ಬೇಸರ ಎಂದು ಹೇಳಿಕೊಂಡವರಲ್ಲಿ ನಾಚಿಕೆ ಮತ್ತು ಕಳಂಕದ ಭಾವನೆ ಹೆಚ್ಚಾಗಿತ್ತು. ಅದೇ ಕಾಯಿಲೆಯನ್ನು ನೋವು, ಉರಿ, ನಿಶ್ಶಕ್ತಿ ಎಂದು ದೇಹದ ಭಾಷೆಯಲ್ಲಿ ಹೇಳಿಕೊಂಡವರಲ್ಲಿ ಅದು ಕಡಿಮೆಯಾಗಿತ್ತು. ಏಕೆಂದರೆ ಬೆನ್ನು ನೋವು ಯಾರಿಗೂ ಬರಬಹುದು. ಅದರಿಂದ ಮಗಳ ಮದುವೆ ಸಂಬಂಧ ತಪ್ಪುವುದಿಲ್ಲ. ಆದರೆ 'ಮಂಡೆ ಸರಿಯಿಲ್ಲ' ಎಂಬ ಮಾತು ಹೊರಬಿದ್ದರೆ ಇಡೀ ಮನೆತನವೇ ತಲೆತಗ್ಗಿಸಬೇಕಾಗುತ್ತದೆ.

ಸಹೋದರ ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಶಿರೂರು, ಗಂಗೊಳ್ಳಿ, ಕಂಡ್ಲೂರಿನ ನಮ್ಮ ಮನೆಗಳನ್ನು ನೆನಪಿಸಿಕೊಳ್ಳೋಣ. ಪತಿ ಕೊಲ್ಲಿ ರಾಷ್ಟ್ರದಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಉಳಿದ ಇಪ್ಪತ್ತೆರಡು ತಿಂಗಳು ಅತ್ತೆ ಮಾವಂದಿರ ಆರೈಕೆ, ಮಕ್ಕಳ ಶಾಲೆ, ಮನೆಯ ಸಾಲದ ಕಂತು, ನಾದಿನಿಯ ಹೆರಿಗೆ ಎಲ್ಲವೂ ಒಬ್ಬಳ ಹೆಗಲ ಮೇಲೆ. ಬೇರೆ ಮನೆಗಳಲ್ಲಿ ದಿನವಿಡೀ ಬಗ್ಗಿ ಕುಳಿತು ಬೀಡಿ ಕಟ್ಟುವವರಿದ್ದಾರೆ, ಗೇರುಬೀಜದ ಕಾರ್ಖಾನೆಗೆ ಹೋಗುವವರಿದ್ದಾರೆ. ಬೋಟಿನಿಂದ ಬರಿಗೈಯಲ್ಲಿ ಮರಳುವ ಗಂಡಸರಿದ್ದಾರೆ. 'ನನಗೆ ಬದುಕು ಸಾಕಾಗಿದೆ' ಎಂದು ಹೇಳುವ ಅನುಮತಿ ಇವರಲ್ಲಿ ಯಾರಿಗಿದೆ? ಹೇಳಿದರೆ 'ನಿನಗೇನು ಕಡಿಮೆಯಾಗಿದೆ?' ಎಂಬ ಪ್ರಶ್ನೆ ಸಿದ್ಧವಿರುತ್ತದೆ. ಆದರೆ 'ಸೊಂಟ ನೋವು' ಎಂದರೆ ಎಣ್ಣೆ ಹಚ್ಚಿಕೊಡುವವರು ಸಿಗುತ್ತಾರೆ. ಬಾಯಿಯಿಂದ ಆಡಲಾಗದ ಮಾತನ್ನು ಸೊಂಟ ಆಡುತ್ತದೆ. ಹಾಗೆಂದು ಆ ನೋವು ನಟನೆಯಲ್ಲ. ಬೀಡಿ ಕಟ್ಟಿದ ಬೆನ್ನು ನಿಜವಾಗಿಯೂ ನೋಯುತ್ತದೆ. ಮನಸ್ಸಿನ ಭಾರ ಅದನ್ನು ಇಮ್ಮಡಿಗೊಳಿಸುತ್ತದೆ, ವಾಸಿಯಾಗಲು ಬಿಡುವುದಿಲ್ಲ.

ಹಾಗಾದರೆ ಪರಿಹಾರವಿದೆಯೇ? ಇದೆ. ಇದನ್ನು ಯಾರೋ ಒಬ್ಬರ ಅನುಭವದ ಆಧಾರದಲ್ಲಿ ಹೇಳುತ್ತಿಲ್ಲ. ಒಂದು ಚಿಕಿತ್ಸೆ ನಿಜವಾಗಿ ಫಲಕಾರಿಯೇ ಎಂದು ತಿಳಿಯಲು ವೈದ್ಯವಿಜ್ಞಾನದಲ್ಲಿ ಒಂದು ನ್ಯಾಯವಾದ ಕ್ರಮವಿದೆ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಈಗಾಗಲೇ ರೂಢಿಯಲ್ಲಿರುವ ಚಿಕಿತ್ಸೆ. ತಿಂಗಳುಗಳ ಬಳಿಕ ಎರಡನ್ನೂ ಹೋಲಿಸುತ್ತಾರೆ. ಶ್ರೀಮಂತ, ಬಡವ, ಗುಣವಾಗುವವ, ಆಗದವ ಎಂದು ಮೊದಲೇ ಆರಿಸುವ ಅವಕಾಶ ಯಾರಿಗೂ ಇರುವುದಿಲ್ಲ.

ನಮ್ಮದೇ ಕರಾವಳಿಯ ಉತ್ತರಕ್ಕಿರುವ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ತಂಡ ಇಂತಹ ಪರೀಕ್ಷೆಗಳನ್ನು ನಡೆಸಿತು. ಮನೋವೈದ್ಯರು ಎಲ್ಲೆಡೆ ಇಲ್ಲ. ಹೀಗಿರುವಾಗ ಊರಿನ ಸಾಮಾನ್ಯ ವಿದ್ಯಾವಂತರಿಗೇ ತರಬೇತಿ ಕೊಟ್ಟರೆ ಹೇಗೆ ಎಂಬುದು ಅವರ ಪ್ರಶ್ನೆ. 24 ಚಿಕಿತ್ಸಾಲಯಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2010ರಲ್ಲಿ ಹೊರಬಂತು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಆಪ್ತ ಸಲಹೆಗಾರರ ನೆರವು ದೊರೆತ ರೋಗಿಗಳಲ್ಲಿ ಆರು ತಿಂಗಳೊಳಗೆ ನೂರಕ್ಕೆ ಸುಮಾರು 66 ಮಂದಿ ಚೇತರಿಸಿಕೊಂಡಿದ್ದರು. ನೆರವು ದೊರೆಯದವರಲ್ಲಿ ಸುಮಾರು 42 ಮಂದಿ. ಖಾಸಗಿ ಚಿಕಿತ್ಸಾಲಯಗಳಲ್ಲಿ ಇಂತಹ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಹೇಳಿದರು. ತೀವ್ರ ಖಿನ್ನತೆಗೆ ಒಳಗಾದವರ ಬಗ್ಗೆ 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆರರಿಂದ ಎಂಟು ಭೇಟಿಗಳಷ್ಟೇ ಇದ್ದವು. ಮೂರು ತಿಂಗಳ ಬಳಿಕ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಇನ್ನೊಂದು ಗುಂಪಿನಲ್ಲಿ 39. ಆ ಭೇಟಿಗಳಲ್ಲಿ ನಡೆದದ್ದೇನು? ಗಮನವಿಟ್ಟು ಕೇಳಿಸಿಕೊಳ್ಳುವುದು, ರೋಗಿ ಕೈಬಿಟ್ಟ ಸಣ್ಣ ಸಣ್ಣ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಆರಂಭಿಸುವಂತೆ ಮಾಡುವುದು, ಎದುರಿಗಿರುವ ಸಮಸ್ಯೆಯನ್ನು ತುಂಡು ಮಾಡಿ ಬಿಡಿಸುವುದು.

ನೋವಿನ ಬಗ್ಗೆಯೂ ಹಾಗೆಯೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ದೀರ್ಘಕಾಲದ ಬೆನ್ನು ನೋವಿನಿಂದ ಬಳಲುತ್ತಿದ್ದ 342 ಮಂದಿಯ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೆಲವರಿಗೆ ಧ್ಯಾನ ಮತ್ತು ಲಘು ವ್ಯಾಯಾಮದ ತರಬೇತಿ, ಕೆಲವರಿಗೆ ನೋವಿನ ಕುರಿತ ಭಯದ ಆಲೋಚನೆಗಳನ್ನು ತಿದ್ದುವ ತರಬೇತಿ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳ ಬಳಿಕ ದೈನಂದಿನ ಕೆಲಸಗಳನ್ನು ಮಾಡುವ ಶಕ್ತಿ ಗಮನಾರ್ಹವಾಗಿ ಹೆಚ್ಚಿದವರು ಮೊದಲ ಎರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು 60 ಮತ್ತು 58; ಮಾಮೂಲಿ ಚಿಕಿತ್ಸೆಯಲ್ಲಿ 44. ಈ ಅಂಕಿಗಳನ್ನು ಪ್ರಾಮಾಣಿಕವಾಗಿ ಓದೋಣ. ಇದು ಪವಾಡವಲ್ಲ. ನೂರರಲ್ಲಿ ನಲುವತ್ತು ಮಂದಿಗೆ ಹೇಳಿಕೊಳ್ಳುವಂತಹ ಫಲ ಸಿಗಲಿಲ್ಲ. ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ ಇಂತಹ ಚಿಕಿತ್ಸೆಗಳ ಪ್ರಯೋಜನ ಸಾಧಾರಣವಾದದ್ದು ಎಂದೇ ಹೇಳುತ್ತಾರೆ. ಆದರೆ ಎದ್ದು ಅಡುಗೆ ಮನೆಗೆ ಹೋಗಲಾಗದ ತಾಯಿ ಎದ್ದು ಹೋಗುವಂತಾದರೆ, ನಮಾಝಿನಲ್ಲಿ ಮತ್ತೆ ಬಾಗುವಂತಾದರೆ, ಆ ಮನೆಗೆ ಅದು ಸಾಧಾರಣವೇ?

ಒಂದು ಎಚ್ಚರಿಕೆ. ಎಲ್ಲ ನೋವನ್ನೂ ಮನಸ್ಸಿನ ಮೇಲೆ ಹಾಕುವುದು ಇನ್ನೊಂದು ಅನ್ಯಾಯ. ನೋವಿನೊಂದಿಗೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಕಾಲು ಮರಗಟ್ಟಿದರೆ ಅಥವಾ ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಪಾದದ ಉರಿ ನರದ ಕಾಯಿಲೆಯಿರಬಹುದು. ದೇಹದ ಪರೀಕ್ಷೆ ಮೊದಲು ಆಗಲೇಬೇಕು. ಆದರೆ ಅದು ಮುಗಿದ ಮೇಲೆ ನಾಲ್ಕನೆಯ ಸ್ಕ್ಯಾನಿಂಗ್‌ಗೆ ಸಾಲ ಮಾಡುವ ಬದಲು ಮನಸ್ಸಿನ ಕಡೆಗೂ ನೋಡಬೇಕು ಎಂಬುದಷ್ಟೇ ನಮ್ಮ ಮಾತು.

ಇನ್ನು 'ಈಮಾನ್ ದುರ್ಬಲವಾದವರಿಗೆ ಮಾತ್ರ ಖಿನ್ನತೆ ಬರುತ್ತದೆ' ಎಂಬ ಮಾತನ್ನು ನೋಡೋಣ. ಇದನ್ನು ಹೇಳುವವರು ಪ್ರವಾದಿ ಯಾಕೂಬ್‌ರನ್ನು(ಅ) ಮರೆತಿದ್ದಾರೆಯೇ? ಮಗನ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ತಿಳಿಸುತ್ತದೆ. ಮನಸ್ಸಿನ ದುಃಖ ದೇಹಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ? ಅವರ ಈಮಾನ್‌ನಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳುವರೇ? ಹತ್ತನೆಯ ಶತಮಾನದಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ ಎಂದು ವಿಂಗಡಿಸಿದರು. ಅಂತಹ ಪರಂಪರೆಯ ವಾರಸುದಾರರಾದ ನಾವು 2001ರ ಆಗಸ್ಟ್ 6ರಂದು ಕಂಡದ್ದೇನು? ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹೆಸರಿನಲ್ಲಿ ಜನ ಸೇರುತ್ತಿದ್ದ ಊರಿನಲ್ಲಿ, ಖಾಸಗಿ ಶೆಡ್ಡೊಂದಕ್ಕೆ ಬೆಂಕಿ ತಗುಲಿ ಸಂಕೋಲೆಯಲ್ಲಿದ್ದ 28 ಮಾನಸಿಕ ಅಸ್ವಸ್ಥರು ಪ್ರಾಣ ಬಿಟ್ಟರು. ಓಡಿಹೋಗಲು ಅವರಿಗೆ ಕಾಲುಗಳಿದ್ದವು, ಆದರೆ ಕಾಲುಗಳಿಗೆ ಸರಪಳಿಯಿತ್ತು. ಅವರನ್ನು ಅಲ್ಲಿ ಬಿಟ್ಟು ಬಂದವರು ಶತ್ರುಗಳಲ್ಲ, ಮನೆಯವರೇ. ಪ್ರಾರ್ಥನೆ ಮಾಡೋಣ, ಅದು ಹೃದಯಕ್ಕೆ ಬಲ ಕೊಡುತ್ತದೆ. ಆದರೆ ಪ್ರಾರ್ಥನೆಯ ನೆಪದಲ್ಲಿ ಚಿಕಿತ್ಸೆಯನ್ನು ತಪ್ಪಿಸುವ ಹಕ್ಕು ನಮಗಿಲ್ಲ.

ಸರಕಾರಕ್ಕೂ ಕೆಲವು ಪ್ರಶ್ನೆಗಳಿವೆ. ಮಾನಸಿಕ ಆರೋಗ್ಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆ. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆದರೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರರಲ್ಲಿ ಹತ್ತಕ್ಕೂ ಹೆಚ್ಚು ವಯಸ್ಕರಿಗೆ ಮಾನಸಿಕ ತೊಂದರೆಯಿತ್ತು, ಅವರಲ್ಲಿ ಬಹುತೇಕರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ, ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದಿದೆ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ನಮ್ಮ ಮೂರು ತಾಲೂಕುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ, ಔಷಧ ಇದೆಯೇ, ಆಪ್ತ ಸಲಹೆಗಾರರಿದ್ದಾರೆಯೇ ಎಂದು ಕೇಳುವವರು ಬೇಕು. ಚುನಾವಣೆಯ ಸಮಯದಲ್ಲಿ ರಸ್ತೆ, ಚರಂಡಿಗಳ ಬಗ್ಗೆ ಕೇಳುವ ನಾವು ಇದನ್ನು ಒಮ್ಮೆಯಾದರೂ ಕೇಳಿದ್ದೇವೆಯೇ?

ಸಂಶೋಧಕರು ನಮ್ಮ ಬಾಗಿಲಿಗೆ ಬಂದರೆ ಏನು ಮಾಡಬೇಕು? ಹೆದರಿ ಬಾಗಿಲು ಮುಚ್ಚುವುದೂ ಬೇಡ, ಕಣ್ಣು ಮುಚ್ಚಿ ಸಹಿ ಹಾಕುವುದೂ ಬೇಡ. ಅಧ್ಯಯನ ಏತಕ್ಕಾಗಿ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ನಮ್ಮ ಹೆಸರು ಗುಟ್ಟಾಗಿರುತ್ತದೆಯೇ, ಅಪಾಯವಾದರೆ ಹೊಣೆ ಯಾರದು ಎಂದು ಕೇಳುವ ಹಕ್ಕು ನಮಗಿದೆ. ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯುವುದು ಅವರ ಕರ್ತವ್ಯ. ಮಧ್ಯದಲ್ಲೇ ಹೊರಬಂದರೂ ನಮ್ಮ ಸಾಮಾನ್ಯ ಚಿಕಿತ್ಸೆಗೆ ಅಡ್ಡಿಯಾಗಬಾರದು. ಹೊಸ ಪರೀಕ್ಷೆಗಳ ವಿವರವನ್ನು ಎಲ್ಲರೂ ನೋಡುವಂತೆ ದಾಖಲಿಸಲು 2007ರಲ್ಲೇ ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಬಂದಿದೆ. ಇದೆಲ್ಲ ಸರಿಯಿದ್ದರೆ ಪಾಲ್ಗೊಳ್ಳೋಣ. ಲೆಕ್ಕದಲ್ಲಿ ಇಲ್ಲದವರಿಗೆ ಪರಿಹಾರದಲ್ಲೂ ಪಾಲಿರುವುದಿಲ್ಲ.

ಕೊನೆಯದಾಗಿ, ಮನೆಯ ಕೆಲಸ. 'ಏನೂ ಇಲ್ಲ' ಎಂಬ ಮಾತನ್ನು ಇಂದಿನಿಂದ ಬಿಡೋಣ. 'ನಿದ್ರೆ ಬರುತ್ತದೆಯೇ? ಊಟ ಸೇರುತ್ತದೆಯೇ? ಮನಸ್ಸಿನಲ್ಲಿ ಏನಿದೆ?' ಎಂದು ಕೇಳೋಣ. ಕೇಳಿದ ಮೇಲೆ ಉಪದೇಶಕ್ಕಿಳಿಯದೆ ಉತ್ತರಕ್ಕಾಗಿ ಕಾಯೋಣ. ಕೊಲ್ಲಿಯಲ್ಲಿರುವ ಸಹೋದರರು ಹಣ ಕಳುಹಿಸುವ ದಿನ ಮಾತ್ರವಲ್ಲ, ಸುಮ್ಮನೆಯೂ ಮಾತನಾಡಲು ಕರೆ ಮಾಡಲಿ. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸರಕಾರಿ ಸೇವೆಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ನಮ್ಮ ಚಿಕ್ಕಮ್ಮನ ಕಥೆ ಅರ್ಧಕ್ಕೆ ನಿಂತಿತ್ತು. ಏಳನೆಯ ವರ್ಷದಲ್ಲಿ ಒಬ್ಬ ವೈದ್ಯೆ ಆ ಚೀಲವನ್ನು ಬದಿಗಿಟ್ಟು, "ನೋವು ಆರಂಭವಾದ ವರ್ಷ ಮನೆಯಲ್ಲಿ ಏನಾಗಿತ್ತು?" ಎಂದು ಕೇಳಿದರು. ಅದು ಅವರ ಮಗಳಿಗೆ ತಲಾಕ್ ಆಗಿ ಮನೆಗೆ ಮರಳಿದ ವರ್ಷವಾಗಿತ್ತು. ಏಳು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಉತ್ತರ ನಮಗೆಲ್ಲರಿಗೂ ಗೊತ್ತಿತ್ತು. ಆ ಬಳಿಕ ಔಷಧವೂ ನಡೆಯಿತು, ವ್ಯಾಯಾಮವೂ ನಡೆಯಿತು, ಮಾತೂ ನಡೆಯಿತು. ನೋವು ಪೂರ್ಣವಾಗಿ ಹೋಗಿಲ್ಲ. ಮಳೆಗಾಲದಲ್ಲಿ ಇಂದಿಗೂ ಕಾಡುತ್ತದೆ. ಆದರೆ ವರ್ಷಗಳಿಂದ ಮದುವೆ ಮನೆಗಳಿಗೆ ಹೋಗದಿದ್ದವರು ಕಳೆದ ವರ್ಷ ಮಗಳ ಕೈಹಿಡಿದುಕೊಂಡು ಸಂಬಂಧಿಕರ ಮದುವೆಗೆ ಬಂದರು, ಊಟ ಮುಗಿಯುವವರೆಗೂ ಕುಳಿತಿದ್ದರು.

ಅಲ್ಲಾಹನು ನಮಗೆ ಕೇಳುವ ಕಿವಿಯನ್ನೂ ಕೇಳಿಸಿಕೊಂಡ ಮೇಲೆ ಮಾಡುವ ಮನಸ್ಸನ್ನೂ ಕರುಣಿಸಲಿ. ವಸ್ಸಲಾಮ್.